ಹೆಬ್ಬೆರಳು ಹೊರಡುವ ಜಾಗ

ಕಳೆದ ವರ್ಷ ನಮ್ಮ ಕಾಲೇಜು ವಾರ್ಷಿಕೋತ್ಸವದ ದಿನ ಕೆಳಗಿನ ಮಹಡಿಯ ಎರಡು ಕೊಠಡಿಗಳಲ್ಲಿ ವಸ್ತುಪ್ರದರ್ಶನ ಇತ್ತಲ್ಲ, ನಿಮಗೆಲ್ಲ ನೆನಪಿರಬಹುದು. ಒಂದರಲ್ಲಿ ವಿಜ್ಞಾನದವರ ಮಾದರಿಗಳು. ಹೊಗೆ ಬಿಡುವ ಜ್ವಾಲಾಮುಖಿ, ನೀರು ಸೋಸುವ ಯಂತ್ರ ಎಲ್ಲ ಇತ್ತು. ಇನ್ನೊಂದರಲ್ಲಿ ನಮ್ಮದು. ಮೆಹಂದಿ ವಿನ್ಯಾಸ, ಬಣ್ಣ ಬಳಿದ ಬಾಟಲಿ, ಉಲ್ಲನ್ ಹೂ, ಗೋಡೆಯ ಮೇಲೆ ಚಿತ್ರಗಳು. ನನ್ನ ಚಿತ್ರಕ್ಕೆ ಸಿಕ್ಕಿದ್ದು ಬಾಗಿಲಿನ ಹಿಂದಿನ ಜಾಗ. ಬಾಗಿಲು ಪೂರ್ತಿ ತೆರೆದರೆ ಅರ್ಧ ಚಿತ್ರ ಮುಚ್ಚಿಹೋಗುತ್ತಿತ್ತು.

ನಾನು ಸ್ವಯಂಸೇವಕಿ ಎಂಬ ಬ್ಯಾಡ್ಜ್ ಹಾಕಿಕೊಂಡು ಎರಡು ಗಂಟೆ ಅಲ್ಲೇ ನಿಂತಿದ್ದೆ. ಬಾಗಿಲು ಹಿಡಿದುಕೊಂಡು ನಿಲ್ಲುವುದೇ ನನ್ನ ಕೆಲಸ ಎಂದು ಎಲ್ಲರೂ ತಿಳಿದುಕೊಂಡರು. ನಿಜ ಹೇಳಬೇಕೆಂದರೆ ನಾನು ಲೆಕ್ಕ ಹಾಕುತ್ತಿದ್ದೆ. ನನ್ನ ಚಿತ್ರದ ಮುಂದೆ ಹದಿನೇಳು ಮಂದಿ ನಿಂತರು. ಅದರಲ್ಲಿ ಒಂಬತ್ತು ಮಂದಿ ನಿಂತದ್ದು ಮೇಲಿನ ಫ್ಯಾನಿನ ಗಾಳಿಗೆ. ಮೂವರು ಫೋನಿನಲ್ಲಿ ಮೆಸೇಜು ಓದಲು. ಪಕ್ಕದಲ್ಲಿದ್ದ ಸಿನಿಮಾ ನಟನ ಪೆನ್ಸಿಲ್ ಚಿತ್ರದ ಮುಂದೆ ಸೆಲ್ಫಿಗೆ ಸಾಲು ನಿಂತಿತ್ತು. ಆ ಚಿತ್ರ ಬಿಡಿಸಿದವಳು ನನ್ನ ಗೆಳತಿಯೇ, ಅವಳ ಮೇಲೆ ನನಗೆ ಸಿಟ್ಟೇನಿಲ್ಲ. ಸ್ವಲ್ಪ ಇತ್ತು. ಈಗ ಇಲ್ಲ.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಗುಡಿಸುವ ಅಕ್ಕ ಪೊರಕೆ ಹಿಡಿದುಕೊಂಡು ಬಂದರು. ಬಾಗಿಲು ಸರಿಸಿದವರು ಹಾಗೆಯೇ ನಿಂತರು. "ಇದು ಬೀಡಿ ಕಟ್ಟುವ ಕೈ ಅಲ್ವಾ?" ಎಂದರು. ಚಿತ್ರದಲ್ಲಿ ಬೀಡಿ ಇರಲಿಲ್ಲ. ಎಲೆಯೂ ಇರಲಿಲ್ಲ, ಗೆರಸೆಯೂ ಇರಲಿಲ್ಲ. ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡ ಎರಡು ಕೈ ಮಾತ್ರ. "ಹೇಗೆ ಗೊತ್ತಾಯ್ತು ಅಕ್ಕಾ?" ಎಂದೆ. "ಉಗುರು ನೋಡು. ತುದಿ ಮಡಚಿ ಮಡಚಿ ಸವೆದ ಉಗುರು. ನನ್ನ ಅಮ್ಮನದ್ದೂ ಹೀಗೇ ಇತ್ತು" ಎಂದು ಹೇಳಿ ಗುಡಿಸಲು ಶುರುಮಾಡಿದರು.

ಆ ಖುಷಿಯನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಆದರೆ ಅದು ನಾನು ಬಸ್ಸಿನಿಂದ ಇಳಿದು ಮನೆ ಮುಟ್ಟುವವರೆಗೆ ಮಾತ್ರ ಉಳಿಯಿತು. ಆ ವಿಷಯ ಆಮೇಲೆ.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ನಮ್ಮ ಮನೆ ವಿಟ್ಲದ ಕಡೆ. ಉಪ್ಪ ಮರದ ಮಿಲ್ಲಿಗೆ ಹೋಗುತ್ತಾರೆ, ಉಮ್ಮ ಬೀಡಿ ಕಟ್ಟುತ್ತಾರೆ. ನಾನೂ ಕಟ್ಟುತ್ತೇನೆ. ನಮ್ಮ ಕಾಲೇಜಿನ ಎಷ್ಟೋ ಹುಡುಗಿಯರ ಮನೆಯಲ್ಲಿ ಇದೇ ಕೆಲಸ, ಆದರೆ ನಾವು ಯಾರೂ ಅದನ್ನು ಕಾಲೇಜಿನಲ್ಲಿ ಮಾತಾಡುವುದಿಲ್ಲ. ಕೈಯ ವಾಸನೆ ಹೋಗಲಿ ಎಂದು ಬೆಳಿಗ್ಗೆ ನಿಂಬೆ ಸಿಪ್ಪೆ ಉಜ್ಜಿಕೊಂಡು ಬರುವವರು ಯಾರೆಂದು ನಮಗೆ ನಮಗೆ ಗೊತ್ತು, ಅಷ್ಟೇ.

ಚಿತ್ರ ಬಿಡಿಸುವ ಹುಚ್ಚು ಯಾವಾಗ ಹತ್ತಿತು ಎಂದು ಕೇಳಿದರೆ ಹೇಳುವುದು ಕಷ್ಟ. ಹೈಸ್ಕೂಲಿನಲ್ಲಿ ಚಿತ್ರಕಲೆಯ ಸರ್ ಇದ್ದರು. ಅವರು ನನ್ನನ್ನು ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸಿದರು, ಪಾಸಾದೆ. ಹೈಯರ್ ಗ್ರೇಡ್ ಕಟ್ಟುವ ಹೊತ್ತಿಗೆ ಸರ್‌ಗೆ ವರ್ಗವಾಯಿತು, ಅದು ಅಲ್ಲಿಗೇ ನಿಂತಿತು. ಪಿಯುಸಿಗೆ ಬಂದ ಮೇಲೆ ಚಿತ್ರಕಲೆ ಎಂಬ ಪೀರಿಯಡ್ಡೇ ಇಲ್ಲ. ವಾಣಿಜ್ಯದಲ್ಲಿ ನಾವು ಎಳೆಯುವ ಗೆರೆ ಎಂದರೆ ಲೆಡ್ಜರಿನ ಗೆರೆ, ಅರ್ಥಶಾಸ್ತ್ರದ ಬೇಡಿಕೆ ರೇಖೆ. ಬೇಡಿಕೆ ರೇಖೆಯನ್ನು ನಾನು ತುಂಬಾ ಚಂದ ಎಳೆಯುತ್ತೇನೆ ಎಂದು ಮೇಡಂ ಒಮ್ಮೆ ಹೇಳಿದ್ದರು. ಅಂಕ ಮಾತ್ರ ಗೆರೆಗೆ ಇರಲಿಲ್ಲ, ವಿವರಣೆಗೆ ಇತ್ತು.

ಪ್ರಥಮ ಪಿಯುಸಿಯಲ್ಲಿ ನನ್ನ ಮೊದಲ ವೀಕ್ಷಕರು ಸಿಕ್ಕಿದ್ದು ವಿಜ್ಞಾನ ವಿಭಾಗದಲ್ಲಿ. ಬಸ್ಸಿನಲ್ಲಿ ಜೊತೆಗೆ ಬರುವ ಒಬ್ಬಳು ತನ್ನ ಜೀವಶಾಸ್ತ್ರದ ರೆಕಾರ್ಡಿನಲ್ಲಿ ದಾಸವಾಳದ ಸೀಳುನೋಟ ಬಿಡಿಸಿಕೊಡು ಎಂದಳು. ಕೊಟ್ಟೆ. ಮಾರನೇ ವಾರ ನಾಲ್ಕು ರೆಕಾರ್ಡು ಬಂದವು, ಆಮೇಲೆ ಏಳು. ದಾಸವಾಳ, ಈರುಳ್ಳಿ ಸಿಪ್ಪೆಯ ಕೋಶ, ಕಾಂಡದ ಅಡ್ಡಕೊಯ್ತ. ಎಲ್ಲದರ ಕೆಳಗೂ ಕೆಂಪು ಶಾಯಿಯಲ್ಲಿ 'ಗುಡ್' ಎಂದು ಬಿತ್ತು. ಏಳು ಮಂದಿಯ ದಾಸವಾಳಕ್ಕೂ ಒಂದೇ ರೀತಿಯ ಕೇಸರ ಇದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಜೀವಶಾಸ್ತ್ರದ ಸರ್ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು, ಅವರೆಲ್ಲ ಈಗ ಪಾಸಾಗಿದ್ದಾರೆ.

ಆಗ ನಾನು ಮಾಡುತ್ತಿದ್ದದ್ದು ನಕಲು. ಮುಖಗಳನ್ನೂ ಹಾಗೆಯೇ ಬಿಡಿಸುತ್ತಿದ್ದೆ. ಫೋನಿನಲ್ಲಿರುವ ಫೋಟೋದ ಮೇಲೆ ಚೌಕ ಚೌಕ ಗೆರೆ, ಹಾಳೆಯ ಮೇಲೂ ಅಷ್ಟೇ ಚೌಕ. ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಇಲ್ಲಿಗೆ ಇಳಿಸಿದರೆ ಕೊನೆಗೆ ಮುಖ ಬರುತ್ತದೆ. ಕ್ರಿಕೆಟ್ ಆಟಗಾರರು, ಸಿನಿಮಾದವರು, ಕ್ಲಾಸಿನ ಗೆಳತಿಯರು. ನೋಡಿದವರೆಲ್ಲ "ಜೆರಾಕ್ಸ್ ಮಾಡಿದ ಹಾಗೆ ಉಂಟು ಮಾರಾಯ್ತಿ" ಎನ್ನುತ್ತಿದ್ದರು. ಅದನ್ನೇ ದೊಡ್ಡ ಹೊಗಳಿಕೆ ಎಂದು ತಿಳಿದು ನಾನು ಬೀಗುತ್ತಿದ್ದೆ.

ಮುಖ ಬಿಡಿಸುವುದು ನಿಂತದ್ದು ಅಜ್ಜಿಯಿಂದ. ಮನೆಯ ಒಳಕೋಣೆಯ ಗೋಡೆಗೆ ಒಂದು ಚಿತ್ರ ಅಂಟಿಸಿದ್ದೆ. ಅಜ್ಜಿ ನಮಾಝ್ ಮಾಡುವುದು ಅದೇ ಕೋಣೆಯಲ್ಲಿ. ಅವರು ಬೈಯಲಿಲ್ಲ. "ಎದುರಿಗೆ ಮುಖ ಇದ್ದರೆ ನನಗೆ ಆಗುವುದಿಲ್ಲ, ತೆಗೆದುಬಿಡು. ಮುಖ ಬಿಡಿಸುವುದೇ ಬೇಡ, ಹೂ ಬಿಡಿಸು, ಮರ ಬಿಡಿಸು, ಎಷ್ಟಿಲ್ಲ?" ಎಂದರು. ಈ ವಿಷಯದಲ್ಲಿ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ ಎಂದು ನನಗೂ ಗೊತ್ತು. ನಾನು ವಾದ ಮಾಡಬಹುದಿತ್ತು. ಆದರೆ ಎಂಬತ್ತು ವರ್ಷದ ಅಜ್ಜಿಯ ಹತ್ತಿರ ವಾದ ಗೆದ್ದು ಯಾರಿಗೆ ಏನು ಸಿಗಬೇಕು? ತೆಗೆದೆ. ಒಂದು ತಿಂಗಳು ಮನಸ್ಸಿಲ್ಲದ ಮನಸ್ಸಿನಿಂದ ಹೂ ಬಿಡಿಸಿದೆ. ದಾಸವಾಳ ನನಗೆ ಮೊದಲೇ ಸಾಕಾಗಿತ್ತು.

ಒಂದು ರಾತ್ರಿ ಬೀಡಿ ಕಟ್ಟುತ್ತಿದ್ದಾಗ ಎದುರಿಗೆ ಉಮ್ಮನ ಕೈ ಕಾಣಿಸಿತು. ಹುಟ್ಟಿದಾಗಿನಿಂದ ನೋಡಿದ ಕೈ. ಇದನ್ನು ಬಿಡಿಸಿದರೆ ಅಜ್ಜಿಯೂ ಏನೂ ಹೇಳಲಿಕ್ಕಿಲ್ಲ ಎನಿಸಿತು. ಸುಲಭ ಎಂದುಕೊಂಡೆ. ಅರ್ಧ ಗಂಟೆಯ ನಂತರ ಹಾಳೆಯ ಮೇಲೆ ಇದ್ದದ್ದು ಒಂದು ಬನ್ನಿಗೆ ಚುಚ್ಚಿದ ಐದು ಬೆಂಡೆಕಾಯಿ. ತಮ್ಮ ನೋಡಿ, "ಇದು ಏಡಿಯಾ?" ಎಂದು ಕೇಳಿದ.

ಆವತ್ತು ನನಗೆ ಒಂದು ವಿಷಯ ಅರ್ಥವಾಗಿ ಹೊಟ್ಟೆಯೊಳಗೆ ತಣ್ಣಗಾಯಿತು. ನನಗೆ ಚಿತ್ರ ಬಿಡಿಸಲು ಬರುವುದೇ ಇಲ್ಲ. ಫೋಟೋ ಅಲುಗಾಡುವುದಿಲ್ಲ, ಅದಕ್ಕೆ ಚೌಕ ಹಾಕಬಹುದು. ಉಮ್ಮನ ಕೈ ನಿಲ್ಲುವುದೇ ಇಲ್ಲ. ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುರುಟಿ, ತುದಿ ಮಡಚಿ, ನೂಲು ಸುತ್ತಿ ಒಂದನ್ನು ಗೆರಸೆಗೆ ಹಾಕುವಷ್ಟರಲ್ಲಿ ಇನ್ನೊಂದು ಎಲೆ ಕೈಯಲ್ಲಿರುತ್ತದೆ. "ಸ್ವಲ್ಪ ನಿಲ್ಲಿಸಿ ಉಮ್ಮಾ" ಎಂದರೆ, "ನಿಲ್ಲಿಸಿದರೆ ಸಾವಿರ ಯಾರು ಮಾಡುವುದು, ನಿನ್ನ ಪೆನ್ಸಿಲಾ?" ಎನ್ನುತ್ತಿದ್ದರು. (ನಾವು ಮನೆಯಲ್ಲಿ ಆಡುವುದು ಬ್ಯಾರಿ. ಕನ್ನಡದಲ್ಲಿ ಬರೆಯುವಾಗ ಉಮ್ಮನ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿದೆ.)

ಸಮಯದ ಲೆಕ್ಕವನ್ನೂ ಹೇಳಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ ಬರುತ್ತದೆ. ಉಮ್ಮನಷ್ಟು ವೇಗ ನನಗಿಲ್ಲ, ನನ್ನ ಒಂದು ಗಂಟೆ ಎಂದರೆ ಸುಮಾರು ಅರುವತ್ತು ಬೀಡಿ. ಹಾಗಾಗಿ ನಾನು ಒಂದು ಗಂಟೆ ಚಿತ್ರ ಬಿಡಿಸುತ್ತೇನೆ ಎಂದರೆ ಆ ಅರುವತ್ತನ್ನು ಉಮ್ಮ ಕಟ್ಟುತ್ತಾರೆ ಎಂದೇ ಅರ್ಥ. ಉಮ್ಮ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಹೇಳದಿದ್ದರೂ ರಬ್ಬರಿನಲ್ಲಿ ಅಳಿಸುವಾಗಲೆಲ್ಲ ನನಗೆ ಲೆಕ್ಕ ನೆನಪಾಗುತ್ತಿತ್ತು. "ದಿನಾ ಅಭ್ಯಾಸ ಮಾಡಿ" ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಆ ಅಭ್ಯಾಸದ ಸಮಯ ಯಾರ ಕೈಯಿಂದ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ.

ಕೊನೆಗೆ ನಾನು ಕಂಡುಕೊಂಡ ದಾರಿ ಬಸ್ಸು. ನಮ್ಮ ಬಸ್ಸು ಕಾಲೇಜು ಮುಟ್ಟಲು ನಲ್ವತ್ತು ನಿಮಿಷ ಬೇಕು. ಬೆಳಿಗ್ಗೆ ನಿಲ್ಲಲೂ ಜಾಗ ಇರುವುದಿಲ್ಲ, ಸಂಜೆ ಸೀಟು ಸಿಗುತ್ತದೆ. ಕಂಬಿ ಹಿಡಿದ ಕೈ, ಟಿಕೆಟ್ ಹರಿಯುವ ಕೈ, ಮಗುವಿನ ಬೆನ್ನು ತಟ್ಟುವ ಕೈ, ಚೀಲದ ಬಾಯಿ ಬಿಗಿಹಿಡಿದ ಕೈ. ನೂರು ಪುಟದ ಕಿರು ಪುಸ್ತಕದಲ್ಲಿ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ಕೈ. ಬಸ್ಸು ಹೊಂಡಕ್ಕೆ ಇಳಿದಾಗ ಗೆರೆಯೂ ಹೊಂಡಕ್ಕೆ ಇಳಿಯುತ್ತದೆ. ಅಳಿಸುವುದಿಲ್ಲ. ಅಳಿಸಲು ಸಮಯವೇ ಇಲ್ಲದ್ದು ಒಳ್ಳೆಯದಾಯಿತು, ರಬ್ಬರಿನ ಚಟ ಬಿಟ್ಟುಹೋಯಿತು.

ನಿಧಾನಕ್ಕೆ ಕೆಲವು ವಿಷಯ ತಿಳಿಯಿತು. ಚಿತ್ರ ಬಿಡಿಸುವವರು ಯಾರಾದರೂ ಓದುತ್ತಿದ್ದರೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಬೆರಳನ್ನು ನೋಡಬೇಡಿ, ಬೆರಳುಗಳ ನಡುವಿನ ಖಾಲಿ ಜಾಗದ ಆಕಾರ ನೋಡಿ. ಅದು ಸರಿಬಂದರೆ ಬೆರಳು ತಾನಾಗಿ ಸರಿಬರುತ್ತದೆ. ಕೈಯ ಹಿಂಭಾಗದಿಂದ ನೋಡಿದರೆ ನಡುಬೆರಳು ಒಟ್ಟು ಕೈಯ ಸುಮಾರು ಅರ್ಧದಷ್ಟು ಉದ್ದ ಇರುತ್ತದೆ, ಅಂಗೈ ಕಡೆಯಿಂದ ಅದೇ ಬೆರಳು ಗಿಡ್ಡವಾಗಿ ಕಾಣುತ್ತದೆ. ಈಗಲೇ ನಿಮ್ಮ ಕೈ ತಿರುಗಿಸಿ ನೋಡಿ, ಆಮೇಲೆ ಓದಿ. ಬೆರಳಿನ ಗಂಟುಗಳು ನೇರ ಸಾಲಿನಲ್ಲಿ ಇಲ್ಲ, ಬಿಲ್ಲಿನ ಹಾಗೆ ಬಾಗಿವೆ. ಎಲ್ಲಕ್ಕಿಂತ ಹೆಚ್ಚು ದಿನ ನನ್ನನ್ನು ಸತಾಯಿಸಿದ್ದು ಹೆಬ್ಬೆರಳು. ಉಳಿದ ನಾಲ್ಕರ ಪಕ್ಕದಲ್ಲಿ ಐದನೆಯದಾಗಿ ಅದನ್ನು ಅಂಟಿಸುತ್ತಿದ್ದೆ. ಅದು ಅಲ್ಲಿಂದ ಬರುವುದೇ ಅಲ್ಲ. ಕೆಳಗೆ ಮಣಿಕಟ್ಟಿನ ಹತ್ತಿರದಿಂದ, ಬೇರೆಯೇ ದಿಕ್ಕಿಗೆ ಮುಖಮಾಡಿ ಹೊರಡುತ್ತದೆ. ಇಷ್ಟು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ಹೇಳಿಕೊಡುವವರು ಇದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಸಾಮಗ್ರಿಯ ವಿಷಯಕ್ಕೆ ಬಂದರೆ, ಪೆರ್ನಾಳ್ ದಿನ ಮಾವಂದಿರು ಕೊಟ್ಟ ಹಣದಲ್ಲಿ ಎಚ್‌ಬಿ, ೨ಬಿ, ೪ಬಿ, ೬ಬಿ ಇರುವ ಒಂದು ಪೆನ್ಸಿಲ್ ಡಬ್ಬಿ ತೆಗೆದುಕೊಂಡೆ. ೬ಬಿ ಮೆತ್ತಗೆ, ಕಪ್ಪು, ಬೇಗ ಮುಗಿಯುತ್ತದೆ. ಅದರ ತುಂಡನ್ನು ಹಿಡಿಯಲಾಗದಷ್ಟು ಚಿಕ್ಕದಾದ ಮೇಲೆ ಹಳೆಯ ಪೆನ್ನಿನ ಕೊಳವೆಗೆ ಸಿಕ್ಕಿಸಿ ಬಳಸುತ್ತೇನೆ. ಒಳ್ಳೆಯ ದಪ್ಪ ಹಾಳೆ ದುಬಾರಿ, ಅದನ್ನು ಮುಟ್ಟುವಾಗಲೇ ಕೈ ನಡುಗುತ್ತದೆ. ಅಭ್ಯಾಸಕ್ಕೆ ಕಾಲೇಜಿನ ಕಚೇರಿಯಲ್ಲಿ ಒಂದು ಬದಿ ಮಾತ್ರ ಮುದ್ರಿಸಿದ ಹಳೆ ಹಾಳೆಗಳನ್ನು ಕೇಳಿ ತರುತ್ತೇನೆ. ಹಾಗಾಗಿ ನನ್ನ ಎಷ್ಟೋ ಕೈಗಳ ಹಿಂಭಾಗದಲ್ಲಿ ಶುಲ್ಕ ಕಟ್ಟುವ ಕೊನೆಯ ದಿನಾಂಕ ಇದೆ.

ನಮ್ಮ ಗ್ರಂಥಾಲಯದಲ್ಲಿ ಕಲೆಯ ಪುಸ್ತಕ ಹೆಚ್ಚಿಲ್ಲ. ಆದರೂ ಗ್ರಂಥಪಾಲಕಿ ಮೇಡಂ ಕಪಾಟಿನ ಮೇಲಿನ ಅಟ್ಟದಿಂದ ಒಂದೆರಡು ಹುಡುಕಿ ಕೊಟ್ಟರು. ಅದರಿಂದಲೇ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಜರ್ಮನ್ ಕಲಾವಿದನ ಹೆಸರು ತಿಳಿದದ್ದು. ಆತ 1508ರಲ್ಲಿ ನೀಲಿ ಕಾಗದದ ಮೇಲೆ ಕುಂಚದಲ್ಲಿ ಬಿಡಿಸಿದ ಜೋಡಿಸಿದ ಎರಡು ಕೈಗಳ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಅದು ಒಂದು ದೊಡ್ಡ ವರ್ಣಚಿತ್ರಕ್ಕಾಗಿ ಮಾಡಿಕೊಂಡ ಅಭ್ಯಾಸದ ಚಿತ್ರ. ಆ ದೊಡ್ಡ ಚಿತ್ರದ ನಡುಭಾಗ 1729ರಲ್ಲಿ ಬೆಂಕಿಯಲ್ಲಿ ಸುಟ್ಟುಹೋಯಿತು. ಅಭ್ಯಾಸದ ಹಾಳೆ ಇವತ್ತಿಗೂ ವಿಯೆನ್ನಾದಲ್ಲಿ ಇದೆ. ಇದನ್ನು ಓದಿದ ದಿನ ಶುಲ್ಕದ ಹಾಳೆಗಳನ್ನೆಲ್ಲ ಸರಿಮಾಡಿ ದಾರ ಕಟ್ಟಿ ಇಟ್ಟೆ. ನನ್ನದು ವಿಯೆನ್ನಾಕ್ಕೆ ಹೋಗುತ್ತದೆ ಎಂದಲ್ಲ. ತಮ್ಮ ಅದರಲ್ಲಿ ವಿಮಾನ ಮಾಡದಿದ್ದರೆ ಸಾಕು ಎಂದು.

ವ್ಯಾನ್‌ಗೋ ಕೂಡ ನನಗೆ ಹತ್ತಿರವಾದದ್ದು ಸೂರ್ಯಕಾಂತಿಯಿಂದಲ್ಲ, ಕೈಯಿಂದ. ಆತ ಕಲಾವಿದನಾಗಬೇಕೆಂದು ತೀರ್ಮಾನಿಸಿದ್ದೇ 27ನೇ ವಯಸ್ಸಿನಲ್ಲಿ, 1880ರಲ್ಲಿ. ಐದು ವರ್ಷದ ನಂತರ ದೀಪದ ಬೆಳಕಿನಲ್ಲಿ ಆಲೂಗಡ್ಡೆ ತಿನ್ನುವ ರೈತ ಕುಟುಂಬದ ಚಿತ್ರ ಬಿಡಿಸಿದ. ಅದಕ್ಕಾಗಿ ಇಡೀ ಚಳಿಗಾಲ ಆ ಊರಿನ ರೈತರ ತಲೆಗಳನ್ನು, ಕೈಗಳನ್ನು ಮತ್ತೆ ಮತ್ತೆ ಬಿಡಿಸಿದ್ದ. ಅದರ ಒಂದು ಮುದ್ರಿತ ಪ್ರತಿಯನ್ನು ಚಿತ್ರಕಾರನಾಗಿದ್ದ ಗೆಳೆಯನಿಗೆ ಕಳಿಸಿದರೆ, ಗೆಳೆಯ ಕೈಗಳೂ ಸರಿಯಿಲ್ಲ, ಏನೂ ಸರಿಯಿಲ್ಲ ಎಂದು ಕಠಿಣವಾಗಿ ಬರೆದ. ಸ್ನೇಹವೇ ಕೆಟ್ಟಿತು. ನಮ್ಮ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖೆಗಳನ್ನೂ ನೋಡಿದೆ. ನರ್ತಕರ ಕೈಯನ್ನು ಎರಡೇ ಗೆರೆಯಲ್ಲಿ ಮುಗಿಸುತ್ತಾರೆ. ನನಗೆ ಇಪ್ಪತ್ತು ಗೆರೆ ಬೇಕು, ಆಮೇಲೂ ಅದು ಏಡಿ.

ಇನ್ನು ತೋರಿಸುವ ಕಷ್ಟ. ಬಿಡಿಸುವುದಕ್ಕಿಂತ ಇದೇ ದೊಡ್ಡದು. ನಮ್ಮ ಕಡೆ ಚಿತ್ರ ತೋರಿಸಬೇಕೆಂದರೆ ಇರುವುದು ಸ್ಪರ್ಧೆ ಮಾತ್ರ. ಸ್ಪರ್ಧೆ ಎಂದರೆ ವಿಷಯ ಕೊಡುತ್ತಾರೆ, ವಿಷಯ ಎಂದರೆ ಪರಿಸರ ಸಂರಕ್ಷಣೆ. ಇಲ್ಲದಿದ್ದರೆ ಮಾದಕವಸ್ತು ವಿರೋಧ. ಒಂದೂವರೆ ಗಂಟೆ ಸಮಯ. ಎರಡು ಕೈಯ ಮೇಲೆ ಭೂಗೋಳ, ಒಂದು ಬದಿ ಹಸಿರು, ಇನ್ನೊಂದು ಬದಿ ಒಣಗಿ ಬಿರುಕುಬಿಟ್ಟ ನೆಲ, ಅಳುವ ಮರ. ನಾನೂ ಬಿಡಿಸಿದ್ದೇನೆ, ಸಮಾಧಾನಕರ ಬಹುಮಾನವಾಗಿ ಸ್ಟೀಲಿನ ಬಟ್ಟಲೂ ಬಂದಿದೆ. ಒಮ್ಮೆ ಧೈರ್ಯ ಮಾಡಿ, ಬಾವಿಕಟ್ಟೆಯಲ್ಲಿ ಹಗ್ಗ ಎಳೆಯುವ ಎರಡು ಕೈ, ಹಗ್ಗ ಎಷ್ಟು ಎಳೆದರೂ ಮುಗಿಯದಷ್ಟು ಉದ್ದ ಇರುವ ಹಾಗೆ ಬಿಡಿಸಿದೆ. "ಇದರಲ್ಲಿ ಪರಿಸರ ಎಲ್ಲಿದೆ?" ಎಂದು ತೀರ್ಪುಗಾರರು ಕೇಳಿದರು. ನೀರು ಕೆಳಗೆ ಹೋಗಿದೆ ಸರ್ ಎಂದೆ. ಮೇಲೆ ಒಂದು ಘೋಷಣೆ ಬರೆಯಬಹುದಿತ್ತು ಎಂದರು. ಬಹುಮಾನ ಬರಲಿಲ್ಲ, ಸರಿ. ಚಿತ್ರವನ್ನಾದರೂ ವಾಪಸು ಕೊಡಿ ಎಂದು ಎರಡು ವಾರದ ನಂತರ ಕೇಳಲು ಹೋದರೆ ಸಂಘಟಕರು ಕೋಣೆಯ ಮೂಲೆ ತೋರಿಸಿದರು. ಅಲ್ಲಿ ಕಾರ್ಯಕ್ರಮದ ಉಳಿದ ಪೇಪರ್ ತಟ್ಟೆಗಳ ಕೆಳಗೆ ಚಿತ್ರಗಳ ರಾಶಿ ಇತ್ತು. ನನ್ನದು ಅದರಲ್ಲಿರಲಿಲ್ಲ. ಅದರ ಫೋಟೋ ಕೂಡ ನಾನು ತೆಗೆದಿರಲಿಲ್ಲ. ನೀವು ತೆಗೆದಿಟ್ಟುಕೊಳ್ಳಿ.

ಇನ್‌ಸ್ಟಾಗ್ರಾಂನಲ್ಲಿ ಹಾಕು ಎಂದು ಗೆಳತಿ ಹೇಳಿದಳು. ಹಾಕಿದೆ. ಇಪ್ಪತ್ತಮೂರು ಮೆಚ್ಚುಗೆ ಬಂತು, ಅದರಲ್ಲಿ ಹದಿನಾಲ್ಕು ಸಂಬಂಧಿಕರದ್ದು. ಬಿಡಿಸುವುದನ್ನೇ ವಿಡಿಯೋ ಮಾಡಿ ವೇಗವಾಗಿ ಓಡಿಸಿ ಹಿಂದೆ ಹಾಡು ಹಾಕಬೇಕಂತೆ. ಫೋನನ್ನು ಡಬ್ಬಿಗೆ ಒರಗಿಸಿ, ನೆರಳು ಬೀಳದ ಹಾಗೆ ಕೂತು ಅದನ್ನೂ ಮಾಡಿನೋಡಿದೆ. ಕೈಯ ಕಡೆ ನೋಡುವುದನ್ನು ಬಿಟ್ಟು ಫೋನಿನ ಕಡೆಯೇ ನೋಡುತ್ತಿದ್ದೆ. ಆ ವಾರ ಬಿಡಿಸಿದ ಎಲ್ಲವೂ ಹಾಳು. ಮತ್ತೆ ಕೇಳುವವರು ಬಹಳ. "ನನ್ನದೊಂದು ಬಿಡಿಸಿ ಕೊಡು, ಹೇಗೂ ನಿನಗೆ ಹತ್ತು ನಿಮಿಷದ ಕೆಲಸ." ಹತ್ತು ನಿಮಿಷದ ಕೆಲಸ ಅಲ್ಲ, ಹತ್ತು ಬೀಡಿಯ ಕೆಲಸವೂ ಅಲ್ಲ ಎಂದು ಹೇಳಬೇಕೆನಿಸುತ್ತದೆ, ಆದರೆ ಹೇಳಿದವಳಲ್ಲ. ಇತ್ತೀಚೆಗೆ ಒಬ್ಬ ಹುಡುಗ ಫೋನಿಗೆ ಎರಡು ಸಾಲು ಬರೆದು ಮುದುಕಿಯ ಕೈಗಳ ಚಿತ್ರವನ್ನು ಕ್ಷಣದಲ್ಲಿ ತರಿಸಿ ತೋರಿಸಿದ. ಚಂದವಾಗಿಯೇ ಇತ್ತು. ಉಗುರುಗಳು ಮಾತ್ರ ಏನೂ ಕೆಲಸ ಮಾಡದ ಉಗುರುಗಳು.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ.

ವಾರ್ಷಿಕೋತ್ಸವಕ್ಕೆ ಇಟ್ಟ ಚಿತ್ರಕ್ಕೆ ಹನ್ನೊಂದು ದಿನ ಹಿಡಿದಿತ್ತು. ರಾತ್ರಿ ಕೆಲಸ ಮುಗಿದ ಮೇಲೆ ಉಮ್ಮ ಗೋಡೆಗೆ ಒರಗಿ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತಾರೆ. ದಿನದಲ್ಲಿ ಆ ಕೈ ಸುಮ್ಮನಿರುವುದು ಆಗ ಮಾತ್ರ. ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು. ದಪ್ಪ ಹಾಳೆಯಲ್ಲೇ ಬಿಡಿಸಿದೆ. ಕೆಳಗೆ ಚೀಟಿಯಲ್ಲಿ 'ನನ್ನ ಉಮ್ಮನ ಕೈ' ಎಂದು ಬರೆದು, ಹೆಸರು, ತರಗತಿ ಹಾಕಿದೆ.

ಉಮ್ಮನನ್ನು ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ.

ನಾನು ಮನೆ ಮುಟ್ಟುವ ಮೊದಲೇ ಸಂಬಂಧಿಕರ ಹುಡುಗಿಯೊಬ್ಬಳು ಚಿತ್ರದ ಫೋಟೋ ತೆಗೆದು ತನ್ನ ಮನೆಗೆ ಕಳಿಸಿ, ಅದು ಅಲ್ಲಿಂದ ನಮ್ಮ ಮನೆಗೆ ಬಂದಿತ್ತು. ಉಮ್ಮ ಏನೂ ಹೇಳಲಿಲ್ಲ. ಊಟ ಬಡಿಸಿದರು. ರಾತ್ರಿ ಕೆಲಸ ಮುಗಿಸಿ ಗೋಡೆಗೆ ಒರಗಿ ಕೂತಾಗ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡರು. ಮರುದಿನವೂ ಹಾಗೆಯೇ. ಮೂರನೇ ದಿನ ನಾನೇ ಕೇಳಿದೆ. "ನನ್ನ ಕೈ ಅಷ್ಟು ಕೆಟ್ಟು ಹೋಗಿದೆಯಾ?" ಎಂದರು. ನನಗೆ ಉತ್ತರ ಸಿಗಲಿಲ್ಲ. "ಮದುವೆಮನೆಗೆ ಹೋಗುವಾಗ ಮೆಹಂದಿ ಹಚ್ಚಿಕೊಂಡು ಹೋಗುತ್ತೇನಲ್ಲ, ಅದನ್ನು ಬಿಡಿಸಬಹುದಿತ್ತು. ಊರಿಗೆಲ್ಲ ಇದನ್ನೇ ತೋರಿಸಬೇಕಾ?"

ಗುಡಿಸುವ ಅಕ್ಕ ಹೇಳಿದ್ದನ್ನು ಹೇಳೋಣ ಎಂದು ಬಾಯಿ ತೆರೆದೆ. ಆದರೆ ಅದೇ ಅಲ್ಲವೇ ಉಮ್ಮನಿಗೆ ಬೇಡವಾಗಿದ್ದದ್ದು? ನೋಡಿದವರಿಗೆ ಗೊತ್ತಾಗುವುದು. ಚಿತ್ರ ಚೆನ್ನಾಗಿ ಬಂದದ್ದೇ ತಪ್ಪಾಗಿತ್ತು. ಏಡಿಯ ಹಾಗೆ ಬಂದಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಬಸ್ಸಿನಲ್ಲೂ ಬಿಡಿಸಲಿಲ್ಲ. ಕಂಬಿ ಹಿಡಿದ ಪ್ರತಿಯೊಂದು ಕೈಯೂ ಈಗ ಯಾರೋ ಒಬ್ಬರದ್ದು, ಅವರನ್ನು ಕೇಳದೆ ತೆಗೆದುಕೊಳ್ಳುತ್ತಿದ್ದೇನೆ ಎನಿಸುತ್ತಿತ್ತು. ಸಂಜೆ ಸುಮ್ಮನೆ ಬೀಡಿ ಕಟ್ಟುತ್ತಿದ್ದೆ. ನನ್ನ ವೇಗ ಎಂಬತ್ತಕ್ಕೆ ಏರಿತು. ಉಪ್ಪ ಒಮ್ಮೆ, "ಏನು, ಚಿತ್ರ ಮುಗಿಯಿತಾ?" ಎಂದು ಕೇಳಿದರು. ಓದಲಿಕ್ಕಿದೆ ಎಂದೆ.

ಅದು ಮುರಿದದ್ದು ಉಮ್ಮನಿಂದಲೇ. ದಾರ ಕಟ್ಟಿಟ್ಟ ಅಭ್ಯಾಸದ ಹಾಳೆಗಳ ಕಟ್ಟನ್ನು ಒಂದು ಮಧ್ಯಾಹ್ನ ಅವರು ಬಿಚ್ಚಿ ನೋಡಿದ್ದರಂತೆ. ನಾನು ಕಾಲೇಜಿನಿಂದ ಬಂದಾಗ ಒಂದು ಹಾಳೆಯನ್ನು ಗೆರಸೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನೂಲು ಸುತ್ತುವ ಚಿತ್ರ. "ನೂಲು ಹೀಗೆ ಹಿಡಿಯುವುದಾ? ಹೀಗೆ ಹಿಡಿದರೆ ಬೀಡಿ ನಿಲ್ಲುತ್ತದಾ? ಬ್ರಾಂಚಿನಲ್ಲಿ ಆಯ್ದು ಬಿಸಾಡುತ್ತಾರೆ" ಎಂದರು. ಆಮೇಲೆ ಒಂದು ಬೀಡಿಗೆ ನಿಧಾನವಾಗಿ, ತುಂಬಾ ನಿಧಾನವಾಗಿ ನೂಲು ಸುತ್ತಿ ತೋರಿಸಿದರು. ನಾನೇ ಇಷ್ಟು ವರ್ಷ ನೂಲು ಸುತ್ತಿದ್ದೇನೆ, ಆದರೂ ತಪ್ಪು ಬಿಡಿಸಿದ್ದೆ. ಕಿರುಬೆರಳನ್ನು ನಾನು ಗಮನಿಸಿಯೇ ಇರಲಿಲ್ಲ. ನೂಲಿನ ಇನ್ನೊಂದು ತುದಿಯನ್ನು ಬಿಗಿಹಿಡಿದು ಇಡೀ ಕೆಲಸವನ್ನು ನಿಲ್ಲಿಸಿಕೊಳ್ಳುವುದು ಅದೇ.

ಅಂದಿನಿಂದ ಉಮ್ಮ ನನ್ನ ಚಿತ್ರಗಳನ್ನು ಬ್ರಾಂಚಿನವರು ಬೀಡಿ ನೋಡಿದ ಹಾಗೆ ನೋಡುತ್ತಾರೆ. ಒಂದೊಂದೇ ಎತ್ತಿ, "ಇದು ಆಗಬಹುದು, ಇದು ಆಗದು, ಇದರ ಹೆಬ್ಬೆರಳು ಸತ್ತಿದೆ" ಎನ್ನುತ್ತಾರೆ. ಬ್ರಾಂಚಿನವರಿಗಿಂತ ಕಟ್ಟುನಿಟ್ಟು. ಹತ್ತರಲ್ಲಿ ಒಂದು ಪಾಸಾದರೆ ಹೆಚ್ಚು. ಗೆಳೆಯನ ಪತ್ರ ಓದಿ ವ್ಯಾನ್‌ಗೋನಿಗೆ ಹೇಗಾಗಿರಬಹುದು ಎಂದು ಈಗ ಗೊತ್ತಾಗುತ್ತದೆ. ಆದರೆ ನನಗೆ ಇಲ್ಲಿ ಸ್ನೇಹ ಕೆಡಿಸಿಕೊಳ್ಳುವ ಹಾಗಿಲ್ಲ, ಊಟ ಇವರೇ ಹಾಕಬೇಕು.

ಕಾಲೇಜಿನಲ್ಲಿ ಇಟ್ಟ ಆ ಚಿತ್ರದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಿಲ್ಲ. ಅದು ಕಪಾಟಿನ ಹಿಂದೆ ಇದೆ. ಬೇರೆಯವರಿಗೆ ತೋರಿಸುವ ಮೊದಲು ಈಗ ಕೇಳುತ್ತೇನೆ. ಕೆಲವಕ್ಕೆ ಹೂಂ ಎನ್ನುತ್ತಾರೆ, ಕೆಲವಕ್ಕೆ ಬೇಡ ಎನ್ನುತ್ತಾರೆ. ಬೇಡ ಎಂದದ್ದರಲ್ಲಿ ನನ್ನ ಅತ್ಯಂತ ಒಳ್ಳೆಯ ಎರಡು ಚಿತ್ರಗಳೂ ಇವೆ. ಹೊಟ್ಟೆ ಉರಿಯುತ್ತದೆ, ಆದರೆ ಇಟ್ಟಿದ್ದೇನೆ.

ಬಸ್ಸಿನವರನ್ನು ಏನು ಮಾಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲ. ಎಲ್ಲರನ್ನೂ ಕೇಳುತ್ತಾ ಕೂತರೆ ಇಳಿಯುವ ಜಾಗ ಬರುತ್ತದೆ. ಮೊನ್ನೆ ಒಬ್ಬ ಮುದುಕರು ನಾನು ಬಿಡಿಸುತ್ತಿದ್ದುದನ್ನು ಕಂಡು, ಕೈಯನ್ನು ಕಂಬಿಯಿಂದ ತೆಗೆಯದೆ, ತಮ್ಮ ನಿಲ್ದಾಣ ಬರುವವರೆಗೂ ಹಾಗೆಯೇ ಹಿಡಿದುಕೊಂಡು ನಿಂತರು. ಸೀಟು ಖಾಲಿಯಾದರೂ ಕೂರಲಿಲ್ಲ. ಇಳಿಯುವಾಗ ಪುಸ್ತಕ ತಿರುಗಿಸಿ ತೋರಿಸಿದೆ. ನೋಡಿ, ತಮ್ಮ ಕೈಯನ್ನೂ ಒಮ್ಮೆ ನೋಡಿಕೊಂಡು ಇಳಿದರು.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಉಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಿಂಬೆ ಸಿಪ್ಪೆಯ ಸಾಲನ್ನು ತೆಗೆಯಬೇಕಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಇರಲಿ ಎಂದರು. ನನ್ನ ವೇಗ ಎಂಬತ್ತು ಎಂದು ಬರೆದದ್ದಕ್ಕೆ ಮಾತ್ರ ನಕ್ಕರು. ಎಪ್ಪತ್ತೈದು ದಾಟಿಲ್ಲವಂತೆ.

ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಹಿಂದಿನ ವರಾಂಡದಲ್ಲಿ ನಾವು ನಾಲ್ಕು ಮಂದಿ ಕೂತು ಬಿಡಿಸುತ್ತೇವೆ. ಸಿನಿಮಾ ನಟನನ್ನು ಬಿಡಿಸಿದ ಗೆಳತಿಯೂ ಇದ್ದಾಳೆ, ಅವಳಿಗೆ ಕಿವಿ ಬರುವುದಿಲ್ಲ, ನನಗೆ ಕಿವಿ ಬರುತ್ತದೆ. ಇಪ್ಪತ್ತು ನಿಮಿಷ ಸಿಗುತ್ತದೆ. ಒಬ್ಬರು ಕೈ ಚಾಚಿ ಕೂರಬೇಕು, ಉಳಿದವರು ಬಿಡಿಸಬೇಕು, ಆಮೇಲೆ ಕೈ ಯಾರದ್ದೋ ಅವರೇ ತಪ್ಪು ಹೇಳಬೇಕು. ಬರುವವರು ಬನ್ನಿ. ಪೆನ್ಸಿಲ್ ತಂದರೆ ಸಾಕು, ಹಾಳೆ ನಮ್ಮಲ್ಲಿದೆ, ಒಂದು ಬದಿ ಮುದ್ರಿಸಿದ್ದು.